‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂದಾಗ ಫೋಟೋ ಜೊತೆ ಏನೇನು ಹೋಗುತ್ತದೆ?

“ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಕ್ಲಾರಿಟಿ ಚೆನ್ನಾಗಿರುತ್ತೆ.” ಫ್ಲೆಕ್ಸ್ ಅಂಗಡಿಯವರು ಹೇಳುವುದು ಇದನ್ನೇ. ಮದುವೆ ಆಲ್ಬಂ ಮಾಡುವವರೂ ಇದನ್ನೇ ಹೇಳುತ್ತಾರೆ. ನಾವೂ ಸುಮ್ನೆ ಕಳಿಸಿಬಿಡುತ್ತೇವೆ.

ಸಲಹೆಯಲ್ಲಿ ತಪ್ಪೇನಿಲ್ಲ. ಹಾಗೆ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ, ಪ್ರಿಂಟ್ ಚೆನ್ನಾಗಿ ಬರುತ್ತದೆ. ಆದರೆ ಆ ಫೈಲಿನೊಳಗೆ ಚಿತ್ರದ ಜೊತೆ ಇನ್ನೂ ಏನೇನೋ ಬರೆದಿರುತ್ತದೆ. ಎಲ್ಲಿ ತೆಗೆದದ್ದು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಫೋನಿನಲ್ಲಿ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಅದೂ ಒಂದಕ್ಷರ ಬಿಡದೆ ಹೋಗುತ್ತದೆ.

ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಹಳೇ ಸ್ಟುಡಿಯೋ ಫೋಟೋಗಳ ಹಿಂಬದಿಯಲ್ಲಿ ಅಜ್ಜಂದಿರು ಪೆನ್ಸಿಲ್‌ನಲ್ಲಿ ‘ಧರ್ಮಸ್ಥಳ, ಮೇ 1978’ ಅಂತ ಬರೆದಿಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಈಗ ಬರೆಯುವುದು ಕ್ಯಾಮೆರಾ. ನಮ್ಮನ್ನು ಕೇಳದೆ ಬರೆಯುತ್ತದೆ, ಅಜ್ಜನಿಗಿಂತ ತುಂಬಾ ಜಾಸ್ತಿ ಬರೆಯುತ್ತದೆ.

ಒಂದು ಫೋಟೋ ಬಿಚ್ಚಿಯೇ ನೋಡೋಣ. ವಿಧಾನಸೌಧದ ಎದುರು ನಿಂತು ಸಂಜೆ ಹೊತ್ತು ಫೋನಿನಲ್ಲಿ ತೆಗೆದದ್ದು ಅಂದುಕೊಳ್ಳಿ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದೆ. ಫೈಲಿನೊಳಗೆ ಹೆಚ್ಚುಕಡಿಮೆ ಹೀಗಿರುತ್ತದೆ: ಫೋನಿನ ಕಂಪನಿ, ಮಾಡೆಲ್, ಅದರಲ್ಲಿರುವ ಸಾಫ್ಟ್‌ವೇರ್ ಆವೃತ್ತಿ. ತೆಗೆದ ಸಮಯ 17:42:10. ಶಟರ್ ಎಷ್ಟು ಹೊತ್ತು ತೆರೆದಿತ್ತು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿತ್ತು ಅನ್ನುವ ಅಂಕಿ) ಎಷ್ಟು, ಫ್ಲ್ಯಾಶ್ ಹೊತ್ತಿತ್ತೋ ಇಲ್ಲವೋ. ಅಕ್ಷಾಂಶ 12 ಡಿಗ್ರಿ 58 ನಿಮಿಷ 46.6 ಸೆಕೆಂಡ್ ಉತ್ತರ. ರೇಖಾಂಶ 77 ಡಿಗ್ರಿ 35 ನಿಮಿಷ 26.2 ಸೆಕೆಂಡ್ ಪೂರ್ವ. ಸಮುದ್ರಮಟ್ಟದಿಂದ ಎಷ್ಟು ಎತ್ತರ. ಕೆಲವು ಫೋನುಗಳಲ್ಲಿ ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನುವುದೂ ಇರುತ್ತದೆ. ಕೊನೆಗೆ ಜಿಪಿಎಸ್ ಸಮಯ 12:12:10.

ಎರಡು ಸಮಯ ಯಾಕೆ? ಮೊದಲನೆಯದು ಫೋನಿನ ಗಡಿಯಾರದ್ದು. ಎರಡನೆಯದು ಉಪಗ್ರಹದ ಲೆಕ್ಕ, ಅಂದರೆ ಜಾಗತಿಕ ಸಮಯ. ಎರಡರ ನಡುವೆ ಐದೂವರೆ ಗಂಟೆ ಅಂತರವಿದೆ. ಸ್ಥಳದ ಅಂಕಿಯನ್ನು ಯಾರಾದರೂ ಅಳಿಸಿ ಈ ಎರಡು ಸಮಯಗಳನ್ನು ಮರೆತರೂ ಫೋನ್ ಭಾರತದ ಸಮಯಕ್ಕೆ ಹೊಂದಿಕೊಂಡಿತ್ತು ಅಂತ ಗೊತ್ತಾಗಿಬಿಡುತ್ತದೆ. ಅರ್ಧಂಬರ್ಧ ಅಳಿಸಿದರೆ ಹೀಗೇ ಆಗುವುದು.

ಇನ್ನು ಆ ಅಕ್ಷಾಂಶದ ಅಂಕಿ. ಅಕ್ಷಾಂಶದ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್. ಚುಕ್ಕಿಯ ಆಚೆಗಿನ ಒಂದೇ ಒಂದು ಅಂಕಿ ಅದನ್ನು 3 ಮೀಟರ್‌ಗೆ ಇಳಿಸುತ್ತದೆ. ಬಯಲಿನಲ್ಲಿ ನಿಂತರೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮನೆಯೊಳಗೆ, ಎತ್ತರದ ಕಟ್ಟಡಗಳ ಸಂದಿಯಲ್ಲಿ ತಪ್ಪು ಜಾಸ್ತಿ. ಆದರೂ ಯಾವ ಬೀದಿ, ಯಾವ ಅಪಾರ್ಟ್‌ಮೆಂಟ್ ಅನ್ನುವುದು ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಇದಕ್ಕೆ ಹ್ಯಾಕರ್ ಆಗಬೇಕಿಲ್ಲ. ಆ ಅಂಕಿಗಳನ್ನು ಮ್ಯಾಪ್‌ನಲ್ಲಿ ಹಾಕಿದರೆ ಪಿನ್ ಬಂದು ಕೂರುತ್ತದೆ.

ಒಂದು ಫೋಟೋದಿಂದ ತಿಳಿಯುವುದು ಒಂದು ಜಾಗ, ಒಂದು ಹೊತ್ತು. ಗೂಗಲ್ ಡ್ರೈವ್‌ನಲ್ಲಿ ಇಡೀ ಫೋಲ್ಡರ್ ಹಂಚಿಕೊಂಡರೆ ಲೆಕ್ಕ ಬೇರೆ. ರಾತ್ರಿ ಫೋಟೋಗಳೆಲ್ಲ ಎಲ್ಲಿ ಸೇರುತ್ತವೋ ಅದು ಮನೆ. ವಾರದ ದಿನ ಹಗಲು ಹೊತ್ತಿನವು ಎಲ್ಲಿವೆಯೋ ಅದು ಆಫೀಸು. ಮಕ್ಕಳ ಫೋಟೋಗಳ ಸಮಯ ನೋಡಿದರೆ ಶಾಲೆ ಬಿಡುವ ಹೊತ್ತು. ಒಂದೊಂದೇ ನೋಡಿದರೆ ಯಾವುದರಲ್ಲೂ ಗುಟ್ಟಿಲ್ಲ. ಎಲ್ಲ ಸೇರಿದಾಗ ದಿನಚರಿ ಬಯಲಾಗುತ್ತದೆ.

ಇದನ್ನು ಯಾಕೆ ಬರೆದಿಡುತ್ತಾರೆ?

ನಮ್ಮ ಮೇಲೆ ಕಣ್ಣಿಡಲು ಅಂತೂ ಇದನ್ನು ಮಾಡಿದ್ದಲ್ಲ. ಎಕ್ಸಿಫ್ ಅನ್ನುವ ಈ ಪದ್ಧತಿ ಶುರುವಾಗಿದ್ದು 1995ರಲ್ಲಿ, ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘದಿಂದ. ಆಗಿನ್ನೂ ಡಿಜಿಟಲ್ ಕ್ಯಾಮೆರಾಗಳು ಹೊಸತು. ಯಾವ ಸೆಟ್ಟಿಂಗ್‌ನಲ್ಲಿ ಫೋಟೋ ಚೆನ್ನಾಗಿ ಬಂತು ಅಂತ ಫೋಟೋಗ್ರಾಫರ್ ಆಮೇಲೆ ನೋಡಬೇಕು, ಒಂದು ಕಂಪನಿಯ ಕ್ಯಾಮೆರಾದ ಫೈಲ್ ಇನ್ನೊಂದು ಕಂಪನಿಯ ಪ್ರಿಂಟರಿಗೆ ಅರ್ಥವಾಗಬೇಕು. ಉದ್ದೇಶ ಇಷ್ಟೇ ಇತ್ತು. ಕ್ಯಾಮೆರಾ ಫೋನಿನೊಳಗೆ ಬಂದು ಫೋನಿಗೆ ಜಿಪಿಎಸ್ ಬಂದ ಮೇಲೆ ಅದೇ ಜಾಗದಲ್ಲಿ ನಮ್ಮ ವಿಳಾಸ ಬಂದು ಕೂತಿತು.

ಸುದ್ದಿಮನೆಗಳು ಶೀರ್ಷಿಕೆ, ಹಕ್ಕುಸ್ವಾಮ್ಯ ಬರೆಯಲು ಬಳಸುವ ಐಪಿಟಿಸಿ ಅನ್ನುವ ಭಾಗವೂ ಫೈಲಿನಲ್ಲಿ ಇರಬಹುದು. ಅಡೋಬಿ ಕಂಪನಿ 2001ರಲ್ಲಿ ತಂದ ಎಕ್ಸ್‌ಎಂಪಿ ಅನ್ನುವ ಇಂಥದ್ದೇ ಇನ್ನೊಂದು ಭಾಗವೂ ಇರಬಹುದು. ಹೀಗೆ ಒಂದೇ ವಿವರ ಎರಡು ಮೂರು ಕಡೆ ಬರೆದಿರಬಹುದು, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಉಳಿದಿರಬಹುದು. ಇದರ ಜೊತೆ ‘ಮೇಕರ್ ನೋಟ್ಸ್’ ಅನ್ನುವ ಒಂದು ಮೂಲೆ ಬೇರೆ. ಅಲ್ಲಿ ಕ್ಯಾಮೆರಾ ಕಂಪನಿ ತನ್ನದೇ ಭಾಷೆಯಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ದೊಡ್ಡ ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರ್ ಸಿಗುವುದು ಹೆಚ್ಚಾಗಿ ಇಲ್ಲೇ. ಅಂದರೆ ನೀವು ಹೆಸರು ಹಾಕಿ ಪ್ರಕಟಿಸಿದ ಫೋಟೋ ಮತ್ತು ಹೆಸರು ಹಾಕದೆ ಬಿಟ್ಟ ಫೋಟೋ, ಎರಡೂ ಒಂದೇ ಕ್ಯಾಮೆರಾದವು ಅಂತ ಯಾರಾದರೂ ಜೋಡಿಸಬಹುದು.

ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಸರಾದ ಎಡವಟ್ಟು 2012ರದ್ದು. ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮ್ಯಾಕಫಿ ಆಗ ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ತಲೆಮರೆಸಿಕೊಂಡಿದ್ದರು. ಪಕ್ಕದ ಮನೆಯವನ ಕೊಲೆ ಪ್ರಕರಣದಲ್ಲಿ ಅಲ್ಲಿನ ಪೊಲೀಸರು ಅವರನ್ನು ವಿಚಾರಣೆಗೆ ಹುಡುಕುತ್ತಿದ್ದರು. ಡಿಸೆಂಬರ್ 3ರಂದು ವೈಸ್ ಪತ್ರಿಕೆಯವರು ‘ನಾವೀಗ ಅವರ ಜೊತೆಗೇ ಇದ್ದೇವೆ’ ಅಂತ ಜಂಬದಿಂದ ಒಂದು ಫೋಟೋ ಹಾಕಿದರು. ಐಫೋನಿನಲ್ಲಿ ತೆಗೆದ ಫೋಟೋ ಅದು, ಸ್ಥಳದ ಅಂಕಿ ಹಾಗೇ ಇತ್ತು. ಓದುಗರು ಅದನ್ನು ತೆಗೆದು ನೋಡಿದರೆ ಗ್ವಾಟೆಮಾಲಾದ ರಿಯೊ ಡುಲ್ಸೆ ಹತ್ತಿರದ ಜಾಗ! ಅಂಕಿಗಳನ್ನು ತಾನೇ ಬೇಕಂತ ಬದಲಿಸಿದ್ದು ಅಂತ ಮ್ಯಾಕಫಿ ಮೊದಲು ಹೇಳಿದರು, ಆಮೇಲೆ ನಿಜ ಒಪ್ಪಿಕೊಂಡರು. ಡಿಸೆಂಬರ್ 5ಕ್ಕೆ ಅಕ್ರಮ ಪ್ರವೇಶದ ಆರೋಪದಲ್ಲಿ ಗ್ವಾಟೆಮಾಲಾ ಪೊಲೀಸರು ಹಿಡಿದರು. ಕಂಪ್ಯೂಟರ್ ಸುರಕ್ಷತೆಯ ಹೆಸರಲ್ಲೇ ದುಡ್ಡು ಮಾಡಿದ ಮನುಷ್ಯ, ಅದೂ ತನ್ನ ಫೋನಲ್ಲ, ಬೇರೆಯವರು ತೆಗೆದ ಫೋಟೋದಿಂದ ಸಿಕ್ಕಿಬಿದ್ದದ್ದು. ನಮ್ಮ ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ ಕೂತರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇನ್ನೊಂದು ಪ್ರಕರಣ ಅಮೆರಿಕ ಸೇನೆ ತಾನೇ ಹೇಳಿಕೊಂಡದ್ದು. 2007ರಲ್ಲಿ ಇರಾಕಿನ ನೆಲೆಯೊಂದಕ್ಕೆ ಹೊಸ ಹೆಲಿಕಾಪ್ಟರುಗಳು ಬಂದವು. ಸೈನಿಕರು ಖುಷಿಯಿಂದ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದರು. ಎದುರಾಳಿಗಳು ಆ ಫೋಟೋಗಳಿಂದ ಹೆಲಿಕಾಪ್ಟರುಗಳು ನಿಂತ ಜಾಗ ಕಂಡುಕೊಂಡು ಮಾರ್ಟರ್ ದಾಳಿ ಮಾಡಿದರು. ನಾಲ್ಕು ಅಪಾಚೆ ಹೆಲಿಕಾಪ್ಟರುಗಳು ನಾಶವಾದವು.

ನಮ್ಮ ನಿಮ್ಮ ಮಟ್ಟದಲ್ಲಿ ಮಾರ್ಟರ್ ಏನೂ ಬೀಳುವುದಿಲ್ಲ. ಆದರೆ ಹಳೇ ಕ್ಯಾಮೆರಾ ಮಾರಲು ಹಾಲ್‌ನಲ್ಲೇ ಫೋಟೋ ತೆಗೆದು ಯಾವುದೋ ಜಾಲತಾಣಕ್ಕೆ ಹಾಕುತ್ತೇವೆ. ಮದುವೆ ಸಂಬಂಧಕ್ಕೆ ಅಂತ ಮಗಳ ಫೋಟೋ ಇಮೇಲ್ ಮಾಡುತ್ತೇವೆ, ಅದು ಎಷ್ಟು ಕೈ ದಾಟುತ್ತದೋ ನಮಗೆ ಗೊತ್ತಿಲ್ಲ. ಗಂಡನ ಹಿಂಸೆ ತಾಳದೆ ಬೇರೆ ಊರಿಗೆ ಬಂದು ಇರುವ ಹೆಣ್ಣುಮಗಳೊಬ್ಬಳು ತಂಗಿಗೆ ಒಂದು ಫೋಟೋ ಕಳಿಸುತ್ತಾಳೆ. ಇಂಥವರಿಗೆ ಆ ನಾಲ್ಕು ಅಂಕಿ ತಮಾಷೆಯ ವಿಷಯವಲ್ಲ.

ಕಾಡಿಗೂ ಇದೇ ಕಷ್ಟ. ಪಶ್ಚಿಮಘಟ್ಟದಲ್ಲಿ ಅಪರೂಪದ ಆರ್ಕಿಡ್ಡೋ ಹಕ್ಕಿ ಗೂಡೋ ಕಂಡರೆ ಮೂಲ ಫೈಲನ್ನೇ ಹಂಚುವವರಿದ್ದಾರೆ. ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ತಾವಾಗಿಯೇ ಮಸುಕು ಮಾಡುತ್ತವೆ. ಒಂದು ಬಿಂದುವಿನ ಬದಲು ಸುಮಾರು 20 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತವೆ. ಅದೇ ಫೋಟೋದ ಮೂಲ ಫೈಲ್ ಯಾವುದೋ ಗುಂಪಿನಲ್ಲಿ ಓಡಾಡುತ್ತಿದ್ದರೆ ಆ ಎಚ್ಚರಿಕೆಗೆ ಅರ್ಥವೇ ಉಳಿಯುವುದಿಲ್ಲ.

ಎಲ್ಲಿ ಉಳಿಯುತ್ತದೆ, ಎಲ್ಲಿ ಹೋಗುತ್ತದೆ

ಜನ ಹೆದರುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ. ಆದರೆ ಅಲ್ಲಿ ಹಾಕಿದ ಫೋಟೋವನ್ನು ಬೇರೆಯವರು ಇಳಿಸಿಕೊಂಡರೆ ಅದರಲ್ಲಿ ಸ್ಥಳದ ಅಂಕಿ ಇರುವುದಿಲ್ಲ. ಆ ತಾಣಗಳು ಚಿತ್ರವನ್ನು ಕುಗ್ಗಿಸಿ ಹೊಸ ಫೈಲ್ ಮಾಡುತ್ತವೆ, ಆಗ ಮೆಟಾಡೇಟಾ ಉದುರಿಹೋಗುತ್ತದೆ. ಕಂಪನಿ ಓದಿಕೊಳ್ಳುವುದನ್ನು ಓದಿಕೊಂಡೇ ಬಿಸಾಡಿರುತ್ತದೆ, ಅದು ಬೇರೆ ಮಾತು. ಫೇಸ್‌ಬುಕ್ಕಿನಿಂದ ಇಳಿಸಿದ ಫೋಟೋಗಳಲ್ಲಿ ಅದರದ್ದೇ ಒಂದು ಗುರುತಿನ ಸಂಕೇತ ಸೇರಿಕೊಂಡಿರುವುದನ್ನೂ ಜನ ಕಂಡಿದ್ದಾರೆ. ಹಳೇದನ್ನು ಅಳಿಸಿ ತನ್ನದನ್ನು ಬರೆಯುವುದು ಅಂದರೆ ಇದೇ ಅಲ್ವಾ?

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೂ ಹೀಗೇ, ಸ್ಥಳ ಹೋಗಿಬಿಡುತ್ತದೆ. ಸಿಗ್ನಲ್ ಅನ್ನುವ ಆ್ಯಪ್‌ನಲ್ಲೂ ಅಷ್ಟೇ. ಕ್ಲಾರಿಟಿ ಕೆಡದ ದಾರಿಗಳಲ್ಲೇ ಮೆಟಾಡೇಟಾ ಉಳಿಯುವುದು: ವಾಟ್ಸ್‌ಆ್ಯಪ್ ಡಾಕ್ಯುಮೆಂಟ್, ಟೆಲಿಗ್ರಾಂನಲ್ಲಿ ಫೈಲ್ ಆಗಿ ಕಳಿಸುವುದು, ಇಮೇಲ್ ಲಗತ್ತು, ಡ್ರೈವ್ ಲಿಂಕ್, ಬ್ಲೂಟೂತ್, ಪೆನ್‌ಡ್ರೈವ್. ಸಣ್ಣಪುಟ್ಟ ಜಾಲತಾಣಗಳ ಅಪ್‌ಲೋಡ್ ಬಟನ್ ಮೇಲೂ ಭರವಸೆ ಇಡಬೇಡಿ. ಎಷ್ಟೋ ತಾಣಗಳು ಬಂದ ಫೈಲನ್ನು ಬಂದ ಹಾಗೇ ಇಟ್ಟುಬಿಡುತ್ತವೆ.

ಅಳಿಸುವುದು ಹೇಗೆ?

‘ಕ್ಯಾಮೆರಾದ ಲೊಕೇಶನ್ ಶಾಶ್ವತವಾಗಿ ಆಫ್ ಮಾಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಹತ್ತು ವರ್ಷದ ನಂತರ ಈ ಜಲಪಾತ ಯಾವುದು, ಈ ದೇವಸ್ಥಾನ ಎಲ್ಲಿಯದು ಅಂತ ತಲೆ ಕೆರೆದುಕೊಳ್ಳುವಾಗ ಆ ಅಂಕಿ ಬೇಕೇ ಬೇಕು. ಮೂಲ ಫೋಟೋದಲ್ಲಿ ಎಲ್ಲ ಇರಲಿ. ಹೊರಗೆ ಹೋಗುವ ಪ್ರತಿಯಿಂದ ಮಾತ್ರ ಅಳಿಸಿ. ಜೀವಕ್ಕೇ ಅಪಾಯ ಇರುವವರು ಮಾತ್ರ ಆಫ್ ಮಾಡಿಯೇ ಇಡುವುದು ಒಳ್ಳೆಯದು.

ಐಫೋನಿನಲ್ಲಿ ಇದು ಸುಲಭ. ಫೋಟೋ ಆರಿಸಿ ಶೇರ್ ಒತ್ತಿದಾಗ ಮೇಲೆ ಸಣ್ಣಗೆ ‘ಆಪ್ಷನ್ಸ್’ ಅಂತ ಕಾಣುತ್ತದೆ. ಅದರೊಳಗೆ ‘ಲೊಕೇಶನ್’ ಅನ್ನುವುದನ್ನು ಆಫ್ ಮಾಡಿ ಕಳಿಸಿದರೆ ಆಯಿತು. 2019ರ ಐಒಎಸ್ 13ರಿಂದ ಈ ಸೌಲಭ್ಯ ಇದೆ. ಆದರೂ ಬಹಳ ಜನ ಆ ಜಾಗವನ್ನು ಒತ್ತಿಯೇ ನೋಡಿರುವುದಿಲ್ಲ. ಅಳಿಯುವುದು ಸ್ಥಳ ಮಾತ್ರ, ದಿನಾಂಕ ಮತ್ತು ಫೋನಿನ ಮಾಡೆಲ್ ಉಳಿಯುತ್ತವೆ.

ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ದಾರಿ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಫೋಟೋವನ್ನು ಮೇಲಕ್ಕೆ ಸರಿಸಿದರೆ ವಿವರ ಬರುತ್ತದೆ, ಅಲ್ಲಿ ಎಡಿಟ್ ಒತ್ತಿ ಸ್ಥಳ ತೆಗೆಯಬಹುದು. ಶಓಮಿ ಫೋನುಗಳ ಗ್ಯಾಲರಿಯಲ್ಲಿ ಹಂಚುವಾಗಲೇ ಸ್ಥಳ, ಮೆಟಾಡೇಟಾ ಅಳಿಸುವ ಆಯ್ಕೆ ಇದೆ. ಮಿಕ್ಕವರು ‘ಸ್ಕ್ರ್ಯಾಂಬಲ್ಡ್ ಎಕ್ಸಿಫ್’ ಅನ್ನುವ ಪುಟ್ಟ ಉಚಿತ ಆ್ಯಪ್ ಹಾಕಿಕೊಳ್ಳಬಹುದು. ಫೋಟೋವನ್ನು ಮೊದಲು ಅದಕ್ಕೆ ಶೇರ್ ಮಾಡಿದರೆ ಅಳಿಸಿದ ಪ್ರತಿಯನ್ನು ಮುಂದಕ್ಕೆ ಶೇರ್ ಮಾಡಲು ಕೊಡುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಇನ್ನೊಂದು ಬೇಲಿಯೂ ಇದೆ. ಬೇರೆ ಅನುಮತಿ ಕೇಳಿ ಪಡೆಯದ ಆ್ಯಪ್‌ಗೆ ಫೋಟೋ ಕೊಡುವಾಗ ವ್ಯವಸ್ಥೆಯೇ ಸ್ಥಳವನ್ನು ಮರೆಮಾಡಿ ಕೊಡುತ್ತದೆ.

ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋಗಿ. ಕೆಳಗೆ ‘ರಿಮೂವ್ ಪ್ರಾಪರ್ಟೀಸ್ ಆ್ಯಂಡ್ ಪರ್ಸನಲ್ ಇನ್ಫರ್ಮೇಶನ್’ ಅನ್ನುವ ಸಾಲು ಇರುತ್ತದೆ. ಹತ್ತು ಫೋಟೋ ಒಟ್ಟಿಗೆ ಆರಿಸಿಯೂ ಮಾಡಬಹುದು. ಸ್ಥಳ ಹೋಗುತ್ತದೆ, ಆದರೆ ಮೇಕರ್ ನೋಟ್ಸ್‌ನಂಥ ಮೂಲೆಗಳಲ್ಲಿ ಒಂದಿಷ್ಟು ಉಳಿಯಬಹುದು. ಮ್ಯಾಕ್‌ನಲ್ಲಿ ಪ್ರಿವ್ಯೂ ಆ್ಯಪ್‌ನ ಇನ್‌ಸ್ಪೆಕ್ಟರ್‌ಗೆ ಹೋದರೆ ಜಿಪಿಎಸ್ ಭಾಗದಲ್ಲಿ ಸ್ಥಳ ಅಳಿಸುವ ಬಟನ್ ಇದೆ.

ಬೇರುಸಹಿತ ಕೀಳಬೇಕು ಅನ್ನುವವರಿಗೆ ಎಕ್ಸಿಫ್‌ಟೂಲ್ ಇದೆ. ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಉಚಿತ ಸಾಧನ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು ಅಂತ ಹೆದರಬೇಡಿ, ಒಂದೇ ಸಾಲಿನ ಆಜ್ಞೆ. ಎರಡು ಸಂಗತಿ ಮಾತ್ರ ನೆನಪಿರಲಿ. ಅದು ಅಳಿಸುವಾಗ ಹಳೇ ಫೈಲನ್ನು ಹೆಸರಿನ ಕೊನೆಗೆ ‘ಒರಿಜಿನಲ್’ ಅಂತ ಸೇರಿಸಿ ಅದೇ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಫೋಲ್ಡರನ್ನೇ ಜಿಪ್ ಮಾಡಿ ಕಳಿಸಿದರೆ ಅಳಿಸಿದ್ದೂ ಹೋಯಿತು, ಅಳಿಸದ್ದೂ ಹೋಯಿತು! ಎರಡನೆಯದು, ಫೋನನ್ನು ಹೇಗೆ ಹಿಡಿದಿದ್ದಿರಿ ಅನ್ನುವುದೂ ಮೆಟಾಡೇಟಾದಲ್ಲೇ ಇರುವುದು. ಎಲ್ಲ ಅಳಿಸಿದಾಗ ಕೆಲವು ಫೋಟೋ ಅಡ್ಡ ಮಲಗುತ್ತವೆ. ಬಣ್ಣದ ಮಾಹಿತಿ ಹೋಗಿ ಬಣ್ಣ ಸ್ವಲ್ಪ ಬೇರೆಯಾಗಿಯೂ ಕಾಣಬಹುದು. ತಿರುಗಿಸಿ ಸೇವ್ ಮಾಡಿದರೆ ಮೊದಲನೆಯದು ಸರಿಯಾಗುತ್ತದೆ.

ಮೆಟಾಡೇಟಾ ಅಳಿಸಿಕೊಡುತ್ತೇವೆ ಅನ್ನುವ ಜಾಲತಾಣಗಳೂ ಬೇಕಾದಷ್ಟಿವೆ. ಅಲ್ಲಿಗೆ ಫೋಟೋ ಹಾಕುವುದು ಅಂದರೆ ಮುಚ್ಚಿಡಬೇಕಾದ್ದನ್ನೇ ಮೊದಲು ಅಪರಿಚಿತರಿಗೆ ಕೊಟ್ಟಂತಾಯಿತು. ಬೇರೆ ದಾರಿ ಇರುವಾಗ ಅದರ ಗೊಡವೆ ಬೇಡ.

ಏನೂ ಹಾಕಿಕೊಳ್ಳದೆ ಆಗುವ ಕೆಲಸವೂ ಒಂದಿದೆ: ಫೋಟೋ ಪರದೆಯ ಮೇಲಿರುವಾಗ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸುವುದು. ಕ್ಲಾರಿಟಿ ಕಡಿಮೆ, ಆದರೆ ಮೂಲ ಫೋಟೋದ ಸ್ಥಳ ಅದರಲ್ಲಿ ಬರುವುದಿಲ್ಲ.

ಅಳಿಸಿದ ಮೇಲೂ ಉಳಿಯುವುದು

ಫೈಲಿನ ಹೆಸರನ್ನೇ ನೋಡಿ. ಎಷ್ಟೋ ಫೋನುಗಳು ಹೆಸರಿನಲ್ಲೇ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಬರೆಯುತ್ತವೆ. ಕೆಲವು ಸ್ಕ್ರೀನ್‌ಶಾಟುಗಳ ಹೆಸರಿನಲ್ಲಿ ಯಾವ ಆ್ಯಪ್ ತೆರೆದಿತ್ತು ಅನ್ನುವುದೂ ಇರುತ್ತದೆ. ಎಕ್ಸಿಫ್ ಎಲ್ಲ ಅಳಿಸಿ ಹೆಸರು ಬದಲಿಸದೆ ಕಳಿಸಿದರೆ ಏನು ಪ್ರಯೋಜನ?

ಫೈಲಿನೊಳಗೆ ಬೆರಳುಗುರಿನಷ್ಟು ಚಿಕ್ಕ ಇನ್ನೊಂದು ಚಿತ್ರವೂ ಇರಬಹುದು, ಗ್ಯಾಲರಿಯಲ್ಲಿ ಬೇಗ ತೋರಿಸಲಿಕ್ಕೆ ಅಂತ. ಎಡಿಟ್ ಮಾಡುವ ಆ್ಯಪ್ ಅದನ್ನು ಬದಲಿಸದಿದ್ದರೆ ದೊಡ್ಡ ಚಿತ್ರದಲ್ಲಿ ಕತ್ತರಿಸಿದ್ದು ಚಿಕ್ಕದರಲ್ಲಿ ಪೂರ್ತಿ ಕಾಣುತ್ತದೆ. 2003ರಲ್ಲಿ ಅಮೆರಿಕದ ಟಿವಿ ನಿರೂಪಕಿಯೊಬ್ಬರು ಮುಖವಷ್ಟೇ ಕಾಣುವಂತೆ ಕತ್ತರಿಸಿ ಹಾಕಿದ್ದ ಫೋಟೋಗಳಲ್ಲಿ ಹೀಗೇ ಆಗಿ ಬಹಳ ಮುಜುಗರವಾಗಿತ್ತು. ಇಪ್ಪತ್ತು ವರ್ಷದ ನಂತರ, 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಎಡಿಟ್ ಸಾಧನದಲ್ಲಿ ಇದೇ ಜಾತಿಯ ತಪ್ಪು ಬಯಲಾಯಿತು. ಸ್ಕ್ರೀನ್‌ಶಾಟ್ ಕತ್ತರಿಸಿ ಸೇವ್ ಮಾಡಿದಾಗ ಹಳೇ ಚಿತ್ರದ ಬಾಲ ಫೈಲಿನ ಕೊನೆಯಲ್ಲಿ ಹಾಗೇ ಉಳಿಯುತ್ತಿತ್ತು, ಅದರಿಂದ ಕತ್ತರಿಸಿದ ಭಾಗವನ್ನು ಮತ್ತೆ ಕಟ್ಟಬಹುದಿತ್ತು. ಕಂಪನಿ ಅದನ್ನು ಸರಿಮಾಡಿತು. ಅಷ್ಟರೊಳಗೆ ಹಂಚಿಹೋದ ಫೈಲುಗಳಿಗೆ ಮಾತ್ರ ಮದ್ದಿಲ್ಲ.

ಮೋಷನ್ ಫೋಟೋ, ಲೈವ್ ಫೋಟೋ ಅನ್ನುವ ಚಲಿಸುವ ಚಿತ್ರಗಳ ಬಗ್ಗೆ ಸ್ವಲ್ಪ ಹುಷಾರು. ಅವುಗಳ ಜೊತೆ ಪುಟ್ಟ ವಿಡಿಯೋ ಇರುತ್ತದೆ, ಹೆಚ್ಚಾಗಿ ಧ್ವನಿಯೂ ಇರುತ್ತದೆ. ಕ್ಲಿಕ್ ಮಾಡುವ ಹೊತ್ತಿಗೆ ಹಿಂದೆ ಯಾರೋ ಆಡಿದ ಮಾತು ಅದರಲ್ಲಿ ಸೇರಿಕೊಂಡಿರಬಹುದು. ಮಾಮೂಲಿ ವಿಡಿಯೋ ಫೈಲಿನಲ್ಲೂ ಸ್ಥಳದ ಅಂಕಿ ಇರುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಜಿಪಿಎಸ್ ಮ್ಯಾಪ್ ಕ್ಯಾಮೆರಾ ಆ್ಯಪ್‌ಗಳು ಫೋಟೋದ ಮೇಲೆಯೇ ವಿಳಾಸ ಅಚ್ಚು ಹಾಕುತ್ತವಲ್ಲ, ಅದು ಚಿತ್ರದ ಭಾಗವೇ ಆಗಿಬಿಟ್ಟಿರುತ್ತದೆ. ಮೆಟಾಡೇಟಾ ಅಳಿಸುವ ಯಾವ ಸಾಧನವೂ ಅದನ್ನು ಮುಟ್ಟುವುದಿಲ್ಲ. ಹಿಂದೆ ಕಾಣುವ ಅಂಗಡಿ ಬೋರ್ಡು, ಬೈಕಿನ ನಂಬರ್ ಪ್ಲೇಟು, ಕೊರಿಯರ್ ಕವರಿನ ಮೇಲಿನ ವಿಳಾಸ, ಮಗುವಿನ ಶಾಲೆಯ ಐಡಿ ಕಾರ್ಡು, ಇವೂ ಅಷ್ಟೇ. 2019ರಲ್ಲಿ ಜಪಾನಿನಲ್ಲಿ ಒಬ್ಬ ಯುವ ಗಾಯಕಿಯ ಸೆಲ್ಫಿಯಲ್ಲಿ ಕಣ್ಣಿನ ಪಾಪೆಯ ಮೇಲೆ ಬಿದ್ದ ಪ್ರತಿಬಿಂಬ ನೋಡಿ ಯಾವ ರೈಲು ನಿಲ್ದಾಣ ಅಂತ ಪತ್ತೆ ಹಚ್ಚಿ ಒಬ್ಬ ಹಿಂಬಾಲಿಸಿ ಹೋಗಿ ಹಲ್ಲೆ ಮಾಡಿದ. ಅದರಲ್ಲಿ ಎಕ್ಸಿಫ್‌ನ ಪಾತ್ರವೇ ಇರಲಿಲ್ಲ.

ಇದಕ್ಕಿಂತ ಆಳದಲ್ಲಿ ಕ್ಯಾಮೆರಾ ಸೆನ್ಸರಿನ ಗುರುತು ಇರುತ್ತದೆ. ತಯಾರಾಗುವಾಗಿನ ಸಣ್ಣ ಸಣ್ಣ ವ್ಯತ್ಯಾಸಗಳಿಂದ ಪ್ರತಿ ಸೆನ್ಸರಿಗೂ ತನ್ನದೇ ಒಂದು ಸದ್ದಿಲ್ಲದ ಮಚ್ಚೆ. ವಿಧಿವಿಜ್ಞಾನದವರು ಅದನ್ನು ನೋಡಿ ಈ ಫೋಟೋ ಇದೇ ಫೋನಿನದು ಅಂತ ಹೇಳಬಲ್ಲರು. ಸಾಮಾನ್ಯ ಜನ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೇಹುಗಾರರೋ ಭ್ರಷ್ಟಾಚಾರ ಬಯಲು ಮಾಡುವವರೋ ಆದರೆ ಮಾತ್ರ ಯೋಚಿಸಬೇಕು.

ಅಳಿಸಬಾರದ ಹೊತ್ತು

ಎಲ್ಲ ಮೆಟಾಡೇಟಾವೂ ಶತ್ರು ಅಲ್ಲ. ನಮ್ಮಲ್ಲಿ ಎಷ್ಟೋ ಸರ್ಕಾರಿ ಕೆಲಸ ನಡೆಯುವುದೇ ಸ್ಥಳದ ಗುರುತಿನ ಮೇಲೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರು ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ನರೇಗಾ ಕೆಲಸದ ಹಾಜರಿಗೆ ಸ್ಥಳದ ಗುರುತಿರುವ ಫೋಟೋ 2023ರ ಜನವರಿಯಲ್ಲಿ ಕಡ್ಡಾಯವಾಗಿತ್ತು. ಫೋಟೋಗ್ರಾಫರುಗಳಿಗೆ ತಮ್ಮ ಹೆಸರು, ಹಕ್ಕಿನ ಸಾಲು ಫೈಲಿನಲ್ಲಿ ಉಳಿಯುವುದು ಹೊಟ್ಟೆಪಾಡಿನ ಪ್ರಶ್ನೆ. ಅಂಥವರು ಸ್ಥಳ ಮಾತ್ರ ತೆಗೆದು ಐಪಿಟಿಸಿ ಭಾಗವನ್ನು ಹಾಗೇ ಬಿಡಬೇಕು.

ಮುಖ್ಯವಾದದ್ದು ಸಾಕ್ಷ್ಯ. ರಸ್ತೆ ಅಪಘಾತ, ಜಮೀನು ಒತ್ತುವರಿ, ಬಾಡಿಗೆ ಮನೆಯ ತಕರಾರು, ಯಾರೋ ಕೊಟ್ಟ ಕಿರುಕುಳ, ಇಂಥ ಫೋಟೋ ಮುಂದೆ ಕೋರ್ಟಿಗೆ ಹೋಗಬಹುದು ಅನ್ನಿಸಿದರೆ ಆ ಫೈಲನ್ನು ಮುಟ್ಟಲೇಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಬರೆಯುವ ಜಾಗವೂ ಇದೆ. ಹ್ಯಾಶ್ ಅಂದರೆ ಫೈಲಿನ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಒಂದು ಉದ್ದನೆಯ ಸಂಖ್ಯೆ. ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಅಂದಮೇಲೆ ಮೆಟಾಡೇಟಾ ಅಳಿಸಿದ ಫೈಲ್ ಬೇರೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದು ಬೇರೆ, ನಿಮ್ಮ ಫೋನಿನಲ್ಲಿರುವ ಮೂಲ ಬೇರೆ. ಮೂಲ ಇರುವ ಫೋನನ್ನು ಹಾಗೇ ಇಟ್ಟುಕೊಳ್ಳಿ. ವಕೀಲರಿಗೆ ಒಂದು ಪ್ರತಿ ಬೇಕಾದರೆ, ಆಗ ಡಾಕ್ಯುಮೆಂಟ್ ಆಗಿಯೇ ಕಳಿಸಿ.